ಅಂಗಳದ ಮದುವೆ: ಮೊದಲು ಗಾಳಿ ನೋಡಿ, ಆಮೇಲೆ ಚಪ್ಪರ

ಮನೆಯಂಗಳದಲ್ಲೇ ಮದುವೆ ಎಂದು ನಿಶ್ಚಯವಾದ ಕೂಡಲೇ ಎಲ್ಲರೂ ಮಂಟಪದ ಹೂವಿನ ಮಾತು ತೆಗೆಯುತ್ತಾರೆ. ಹೂವಿಗೆ ಇನ್ನೂ ಸಮಯವಿದೆ. ಒಂದು ತಿಂಗಳು ಮೊದಲು, ಮುಹೂರ್ತ ಎಷ್ಟು ಗಂಟೆಗೋ ಅದೇ ಹೊತ್ತಿಗೆ, ಅಂಗಳದ ನಾಲ್ಕು ಮೂಲೆಗೆ ಒಂದೊಂದು ಊದುಬತ್ತಿ ಹಚ್ಚಿಟ್ಟು ಅರ್ಧ ಗಂಟೆ ಕೂತು ನೋಡಿ. ಹೊಗೆ ಯಾವ ಕಡೆ ವಾಲುತ್ತದೆ ಎಂದು ಬರೆದಿಟ್ಟುಕೊಳ್ಳಿ. ಮಧ್ಯಾಹ್ನ ಮೂರರ ಸುಮಾರಿಗೆ ಇನ್ನೊಮ್ಮೆ ನೋಡಿ, ಎರಡು ಹೊತ್ತಿನ ಗಾಳಿ ಒಂದೇ ಆಗಿರುವುದಿಲ್ಲ. ಹೋಮದ ಹೊಗೆ, ಅಡುಗೆ ಒಲೆಯ ಹೊಗೆ, ಜನರೇಟರಿನ ಹೊಗೆ, ಉಂಡ ಎಲೆ ಹಾಕುವ ಗುಂಡಿಯ ವಾಸನೆ, ಈ ನಾಲ್ಕೂ ಜನ ಕೂತ ಕಡೆಯಿಂದ ಆಚೆಗೆ ಹೋಗಬೇಕು. ಈ ಲೆಕ್ಕ ತಪ್ಪಿದರೆ ಮುಹೂರ್ತದ ಹೊತ್ತಿಗೆ ಮುಂದಿನ ಸಾಲಿನ ಹಿರಿಯರೆಲ್ಲ ಕಣ್ಣೊರೆಸಿಕೊಳ್ಳುತ್ತ ಎದ್ದು ಹೋಗುತ್ತಾರೆ. ಅಷ್ಟು ಹೊತ್ತಿಗೆ ಮಂಟಪ ತಿರುಗಿಸಲು ಆಗುವುದಿಲ್ಲ.

ಇಲ್ಲಿ ಹೇಳುವ ಲೆಕ್ಕವೆಲ್ಲ ಮಲೆನಾಡಿನ ಅಡಿಕೆ ಮನೆಯ ಅಂಗಳಕ್ಕೆ, ಸುಮಾರು 400 ಜನರ ಮದುವೆಗೆ. ಅಡಿಕೆ ಕೊಯ್ಲು ಮುಗಿದು ಅಂಗಳ ಖಾಲಿಯಾಗುವುದರಿಂದ ಮಾಘ, ಫಾಲ್ಗುಣ ಅನುಕೂಲದ ತಿಂಗಳು. ಆದರೆ ಮಕ್ಕಳ ರಜೆ, ದೂರದಲ್ಲಿರುವವರ ಬಿಡುವು ನೋಡಿಕೊಂಡು ಹೆಚ್ಚಿನವರು ಇಟ್ಟುಕೊಳ್ಳುವುದು ಏಪ್ರಿಲ್, ಮೇ ತಿಂಗಳಲ್ಲಿ. ಏಪ್ರಿಲ್ ಕೊನೆಗೆ ಭರಣಿ ಮಳೆ ಹಿಡಿಯುತ್ತದೆ, ಮೇ ನಡುವಿಗೆ ಕೃತ್ತಿಕೆ. ಈ ಮಳೆ ಸಾಮಾನ್ಯವಾಗಿ ಬೆಳಿಗ್ಗೆ ಬರುವುದಿಲ್ಲ. ಮಧ್ಯಾಹ್ನದ ಸೆಕೆ ಕುದಿದು, ಮೂರು ಗಂಟೆಯ ಮೇಲೆ ಗಾಳಿ, ಗುಡುಗು, ಸಿಡಿಲು ಒಟ್ಟಿಗೇ ಬರುತ್ತವೆ. ಆದ್ದರಿಂದ ಮೇ ತಿಂಗಳಾದರೆ ಹತ್ತೂವರೆಯೊಳಗಿನ ಮುಹೂರ್ತ ಕೇಳಿ. ಸಂಜೆಯ ಆರತಕ್ಷತೆಯನ್ನು ಬಯಲಲ್ಲಿ ಇಟ್ಟುಕೊಳ್ಳಲೇಬೇಡಿ, ಅದನ್ನು ಊರಿನ ಸಭಾಭವನಕ್ಕೆ ಬಿಡಿ.

ನೆಲದ ಕೆಲಸ ಹದಿನೈದು ದಿನ ಮೊದಲೇ ಶುರುವಾಗಬೇಕು. ಹುಲ್ಲು ಕೆತ್ತಿ, ಕಲ್ಲು ಆರಿಸಿ, ತಗ್ಗಿಗೆ ಮಣ್ಣು ತುಂಬಿ, ನೀರು ಚಿಮುಕಿಸಿ ದಿಮ್ಮಿಸಿ. ಅದು ಒಣಗಿದ ಮೇಲೆ ಸಗಣಿ ಸಾರಿಸಿ, ಎರಡು ದಿನ ಬಿಟ್ಟು ಇನ್ನೊಂದು ಸಲ ಸಾರಿಸಿ. ಎರಡು ಸಲ ಸಾರಿಸಿದ ನೆಲದಲ್ಲಿ ಧೂಳು ಏಳುವುದಿಲ್ಲ. ಮದುವೆಯ ದಿನ ಬೆಳಿಗ್ಗೆ ಸಾರಿಸುವ ಆಸೆ ಬೇಡ. ಹಸಿ ನೆಲ ಜಾರುತ್ತದೆ, ರೇಷ್ಮೆ ಸೀರೆಯ ಅಂಚಿಗೆ ಹಿಡಿದ ಸಗಣಿ ಹೋಗುವುದೂ ಕಷ್ಟ. ಆ ದಿನಕ್ಕೆ ಗುಡಿಸಿ, ರಂಗೋಲಿ ಹಾಕಿದರೆ ಸಾಕು. ಹಿರಿಯರು ಕೂರುವ ಕಡೆ ಕುರ್ಚಿಯ ಕಾಲಿಗೆ ಅಡಿಕೆ ದಬ್ಬೆ (ಅಡಿಕೆ ಮರದ ಸೀಳು) ಹಾಸಿ, ಇಲ್ಲದಿದ್ದರೆ ಮೆತ್ತನೆ ಮಣ್ಣಿನಲ್ಲಿ ಒಂದು ಕಾಲು ಹೂತು ಕುರ್ಚಿ ವಾಲುತ್ತದೆ.

ಚಪ್ಪರದ ಅಳತೆಯನ್ನು ಕಣ್ಣಂದಾಜಿಗೆ ಬಿಡಬಾರದು. ಕುರ್ಚಿಗೆ, ಓಡಾಟದ ಜಾಗವೂ ಸೇರಿ, ತಲೆಗೆ 7 ಚದರ ಅಡಿ ಹಿಡಿಯಿರಿ. 400 ಜನರಲ್ಲಿ ಒಂದೇ ಹೊತ್ತಿಗೆ ಕೂರುವವರು 250ರ ಆಸುಪಾಸು, ಉಳಿದವರು ಜಗಲಿಯಲ್ಲೋ ಅಡುಗೆ ಮನೆಯಲ್ಲೋ ಇರುತ್ತಾರೆ. ಮಂಟಪವೂ ಸೇರಿ 30 ಅಡಿ ಅಗಲ, 70 ಅಡಿ ಉದ್ದದ ಚಪ್ಪರ ಸಾಕಾಗುತ್ತದೆ. ಹತ್ತಡಿಗೊಂದು ಅಡಿಕೆ ಕಂಬ, ಗುಂಡಿಯ ಆಳ ಎರಡಡಿ, ಸುತ್ತ ಕಲ್ಲು ಜಡಿದು ಮಣ್ಣು ಗುದ್ದಬೇಕು. ನಡುಸಾಲಿನ ಕಂಬ 13 ಅಡಿ, ಅಂಚಿನದು 8 ಅಡಿ ಎತ್ತರವಿರಲಿ. ಹದಿನೈದು ಅಡಿಗೆ ಐದಡಿ ಇಳಿಜಾರು ಸಿಕ್ಕರೆ ನೀರು ನಿಲ್ಲದೆ ಇಳಿಯುತ್ತದೆ. ನಡುಸಾಲಿನ ಕಂಬಗಳು ಮಂಟಪಕ್ಕೆ ಅಡ್ಡ ಬರುತ್ತವೆ ಎಂದು ಕೆಲವರು ಕೊನೆಗಳಿಗೆಯಲ್ಲಿ ಕಿತ್ತು ಹಾಕುತ್ತಾರೆ. ಹಾಗೆ ಕಿತ್ತರೆ ಮಾಡು, ಅಂದರೆ ಚಪ್ಪರದ ಸೂರು, ಜೋಲುತ್ತದೆ. ಕಂಬ ಇದ್ದಲ್ಲೇ ಇರಲಿ, ಓಡಾಡುವ ದಾರಿಯನ್ನು ಆ ಸಾಲಿಗೇ ಬಿಟ್ಟು ಕುರ್ಚಿಯನ್ನು ಎರಡೂ ಪಕ್ಕ ಹಾಕಿ.

ಮಾಡಿಗೆ ಹೊದಿಸಲು ತೆಂಗಿನ ಗರಿ ಅಥವಾ ಅಡಿಕೆ ಸೋಗೆಯಷ್ಟು ತಂಪು ಬೇರೆ ಯಾವುದೂ ಇಲ್ಲ. ಆದರೆ ಹಸಿ ಸೋಗೆ ನಾಲ್ಕು ದಿನಕ್ಕೇ ಸುರುಟಿ ಬಿಸಿಲು ಬಿಡುತ್ತದೆ. ಕಂಬ, ಅಡ್ಡ ಹಾಕುವ ಗಳ, ದಬ್ಬೆಯ ಕೆಲಸವನ್ನು ವಾರ ಮೊದಲು ಮುಗಿಸಿ, ಸೋಗೆಯನ್ನು ಎರಡು ದಿನ ಮೊದಲು ಹೊದಿಸಿ. ತಗಡಿನ ಚಪ್ಪರ ಮಳೆಗೆ ಗಟ್ಟಿ, ನಿಜ. ಹನ್ನೊಂದು ಗಂಟೆಯ ಬಿಸಿಲಿಗೆ ಅದರ ಕೆಳಗೆ ಕೂರುವುದು ಮಾತ್ರ ಶಿಕ್ಷೆ. ತಗಡೇ ಗತಿ ಎಂದಾದರೆ ಒಂದಡಿ ಕೆಳಗೆ ಬಿಳಿ ಬಟ್ಟೆಯ ಮೇಲ್ಕಟ್ಟು ಕಟ್ಟಿಸಿ, ನಡುವಿನ ಗಾಳಿ ಸೆಕೆಯನ್ನು ಹೊರಗೆ ಒಯ್ಯುತ್ತದೆ. ಬಟ್ಟೆ ಬಿಳಿಯೇ ಇರಲಿ. ಕೆಂಪು, ಹಳದಿ ಶಾಮಿಯಾನದ ಕೆಳಗೆ ಎಲ್ಲರ ಮುಖಕ್ಕೂ ಅದೇ ಬಣ್ಣ ಬಡಿದು ಫೋಟೋ ಕೆಡುತ್ತದೆ.

ಮಳೆಗೆಂದು ಟಾರ್ಪಾಲು ಎಳೆಯುವವರು ಒಂದು ಲೆಕ್ಕ ತಿಳಿದಿರಬೇಕು. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಜೋಲಿನಲ್ಲಿ ನಾಲ್ಕು ಅಂಗುಲ ನೀರು ನಿಂತರೆ ಅದರ ಭಾರ 100 ಕಿಲೋ. ಅಂಥ ಎರಡು ಜೋಲು ಸಾಕು, ಗಳ ಮುರಿಯುತ್ತದೆ. ಟಾರ್ಪಾಲಿನ ಕೆಳಗೆ ಎರಡಡಿಗೊಂದು ದಬ್ಬೆ ಕೊಟ್ಟು ಬಿಗಿಯಾಗಿ ಎಳೆಯಿರಿ. ಮಾಡಿನ ನೀರು ಬೀಳುವ ಜಾಗದಲ್ಲಿ ಅರ್ಧ ಅಡಿ ಆಳದ ಕಾಲುವೆ ತೆಗೆದು ತೋಟದ ಕಡೆ ತಿರುಗಿಸಿ. ಗೂಟಕ್ಕೆ ಕಟ್ಟಿದ ಹಗ್ಗಗಳಿಗೆಲ್ಲ ಬಿಳಿ ಬಟ್ಟೆಯ ಚೂರು ಕಟ್ಟಿ. ರಾತ್ರಿ ಹಗ್ಗಕ್ಕೆ ಎಡವಿ ಬೀಳುವುದು ಮಕ್ಕಳಿಗಿಂತ ಹೆಚ್ಚಾಗಿ ಪಾತ್ರೆ ಹೊತ್ತು ಬರುವವರು.

ವಧೂವರರು ಪೂರ್ವಕ್ಕೆ ಮುಖ ಮಾಡಿ ಕೂರುವುದರಿಂದ ಬೆಳಗಿನ ಬಿಸಿಲು ನೇರ ಅವರ ಕಣ್ಣಿಗೇ ಹೊಡೆಯುತ್ತದೆ. ಎಂಟೂವರೆ, ಒಂಬತ್ತರ ಮುಹೂರ್ತವಾದರೆ ಮಂಟಪದ ಎದುರಿನ ಅಂಚಿಗೆ ತೆಂಗಿನ ಗರಿಯ ತಟ್ಟಿಯನ್ನು ಮೂರಡಿ ಇಳಿಬಿಡಿ. ಹೋಮಕುಂಡದ ಮೇಲೆ ಬಟ್ಟೆ, ಕಾಗದದ ತೋರಣ, ಒಣಗಿದ ಸೋಗೆ ಯಾವುದೂ ಇರಬಾರದು. ತುಪ್ಪ ಬಿದ್ದಾಗ ಜ್ವಾಲೆ ಎಷ್ಟು ಏಳುತ್ತದೆಂದು ಗೊತ್ತಲ್ಲ, ಅಲ್ಲಿ 12 ಅಡಿ ಎತ್ತರ ಬಿಡಿ. ಪಕ್ಕದಲ್ಲಿ ಎರಡು ಕೊಡ ನೀರು, ಒಂದು ಬುಟ್ಟಿ ಮರಳು ಇರಲಿ. ಅಲಂಕಾರಕ್ಕೆ ಸಿಂಗಾರ, ಅಂದರೆ ಅಡಿಕೆಯ ಹೂಗೊನೆ, ಇದ್ದರೆ ಬೇರೆ ಹೂವೇ ಬೇಡ. ಹೊಂಬಾಳೆಯನ್ನು ಬಿಡಿಸದೆ ನೆರಳಿನಲ್ಲಿಟ್ಟು, ಬೆಳಗಿನ ಜಾವ ಬಿಡಿಸಿ ಕಟ್ಟಿ.

ಹೆಜ್ಜೇನಿನ ವಿಷಯವನ್ನು ಯಾರೂ ಮೊದಲು ಯೋಚಿಸುವುದಿಲ್ಲ. ಅಂಗಳದ ಸುತ್ತ 300 ಅಡಿಯೊಳಗಿನ ದೊಡ್ಡ ಮರಗಳನ್ನೆಲ್ಲ ಹದಿನೈದು ದಿನ ಮೊದಲೊಮ್ಮೆ, ಹಿಂದಿನ ದಿನ ಇನ್ನೊಮ್ಮೆ ತಲೆಯೆತ್ತಿ ನೋಡಿ. ಗೂಡು ಕಂಡರೆ ನೀವೇ ಹೊಗೆ ಹಾಕಲು ಹೋಗಬೇಡಿ, ಜೇನು ಬಲ್ಲವರನ್ನು ಕರೆಸಿ. ಹೊಗೆ, ಪಟಾಕಿ, ತಲೆಯ ಮೇಲೆ ಹಾರುವ ಡ್ರೋನ್ ಎಲ್ಲವೂ ಅವನ್ನು ಕೆರಳಿಸುತ್ತವೆ. ರಾತ್ರಿ ಬೆಳಕಿಗೂ ಹೆಜ್ಜೇನು ಬರುತ್ತದೆ. ಗೂಡು ಉಳಿದಿದ್ದರೆ ಆ ದಿಕ್ಕಿಗೆ ದೀಪ ಬೇಡ, ಪಟಾಕಿ ಬೇಡವೇ ಬೇಡ.

ಊಟಕ್ಕೆ ಬಾಳೆ ಎಲೆಯೊಂದಕ್ಕೆ ಎರಡಡಿ ಅಗಲ ಬೇಕು. ಆರಡಿ ಮೇಜಿಗೆ ಮೂರು ಜನ, ಸಾಲಿಗೆ ಹತ್ತು ಮೇಜು, ಅಂಥ ನಾಲ್ಕು ಸಾಲಾದರೆ ಪಂಕ್ತಿಗೆ 120 ಜನ. ಎದುರುಬದುರು ಸಾಲುಗಳ ನಡುವೆ ಬಡಿಸುವವರಿಗೆ ನಾಲ್ಕಡಿ, ಕುರ್ಚಿಗೆ ಹಿಂದೆ ಮೂರಡಿ ಬಿಡಬೇಕು. ಒಂದು ಪಂಕ್ತಿ ಉಂಡು ಎದ್ದು, ಮೇಜು ಒರೆಸಿ, ಮತ್ತೆ ಎಲೆ ಹಾಕಲು ಒಟ್ಟು 45 ನಿಮಿಷ. 400 ಜನಕ್ಕೆ ನಾಲ್ಕು ಪಂಕ್ತಿ ಎಂದರೆ ಮೂರು ಗಂಟೆ. ಹನ್ನೆರಡಕ್ಕೆ ಶುರುಮಾಡಿದರೆ ಮೂರಕ್ಕೆ ಮುಗಿಯುತ್ತದೆ, ಒಂದಕ್ಕೆ ಶುರುಮಾಡಿದರೆ ಕೊನೆಯ ಪಂಕ್ತಿಯವರ ಎಲೆಗೆ ಮಳೆ ಬೀಳುತ್ತದೆ. ಮೊದಲ ಪಂಕ್ತಿಗೆ ಮಕ್ಕಳು, ವಯಸ್ಸಾದವರು, ದೂರ ಹೋಗುವವರು ಕೂರಲಿ. ಮೇಜಿಗೆ ಹಾಸುವ ಕಾಗದ ಬಯಲಿನ ಗಾಳಿಗೆ ಹಾರುತ್ತದೆ, ಎರಡು ತುದಿಗೂ ಕ್ಲಿಪ್ ಹಾಕಿ. ಎಲೆಯ ಅಡಿಗೆ ನೀರು ಚಿಮುಕಿಸಿದರೆ ಎಲೆ ಮೇಜಿಗೆ ಕಚ್ಚಿ ಕೂರುತ್ತದೆ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ ಲೋಟ, ಥರ್ಮೊಕೋಲ್ ಅಲಂಕಾರ 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧ. ತೋಟದ ಮನೆಯಲ್ಲಿ ಅಡಿಕೆ ಹಾಳೆಯ ತಟ್ಟೆ, ದೊನ್ನೆ, ಸ್ಟೀಲ್ ಲೋಟ ಇರುವಾಗ ಅವು ಯಾಕೆ ಬೇಕು?

ಅಡುಗೆ ಸಾಮಾನಿನ ಪಟ್ಟಿಯನ್ನು ಭಟ್ಟರೇ ಕೊಡುತ್ತಾರೆ. ಆದರೂ ನಿಮ್ಮ ತಲೆಯಲ್ಲೊಂದು ಅಂದಾಜು ಇರಲಿ. 100 ಜನಕ್ಕೆ ಚಿತ್ರಾನ್ನವೂ ಸೇರಿ 10 ಕಿಲೋ ಅಕ್ಕಿ, ಸಾರು ಹುಳಿಗೆ 3 ಕಿಲೋ ತೊಗರಿಬೇಳೆ, ಊಟದ ಮಜ್ಜಿಗೆ ಮೊಸರಿಗೆ 12ರಿಂದ 15 ಲೀಟರ್ ಮೊಸರು. ಬಂದವರಿಗೆ ಕೊಡುವ ಪಾನಕಕ್ಕೆ 15 ಲೀಟರ್ ನೀರು, 2 ಕಿಲೋ ಬೆಲ್ಲ, 30 ನಿಂಬೆಹಣ್ಣು. ತಂಪು ಮಾಡಲು ಹೊರಗಿನಿಂದ ತಂದ ಐಸನ್ನು ಪಾನಕದೊಳಗೆ ಹಾಕಬೇಡಿ, ಪಾತ್ರೆಯನ್ನೇ ಐಸಿನ ತೊಟ್ಟಿಯಲ್ಲಿ ಇಡಿ. ಮೇ ತಿಂಗಳಲ್ಲಿ ಸಂಜೆ ಏಳಕ್ಕೆ ಹೆಪ್ಪು ಹಾಕಿದ ಮೊಸರು ಮಾರನೆಯ ಮಧ್ಯಾಹ್ನಕ್ಕೆ ಹುಳಿಯಾಗಿರುತ್ತದೆ. ರಾತ್ರಿ ಹತ್ತರ ಮೇಲೆ ಹಾಕಿ, ಬೆಳಿಗ್ಗೆ ಪಾತ್ರೆಗೆ ಒದ್ದೆ ಗೋಣಿ ಸುತ್ತಿಡಿ. ತೆಂಗಿನಕಾಯಿ ಅರೆದು ಹಾಕುವ ಚಟ್ನಿ, ತಂಬುಳಿ, ಗೊಜ್ಜುಗಳನ್ನು ಒಮ್ಮೆಗೇ ಮಾಡಿಡುವುದು ತಪ್ಪು. ಸೆಕೆಗೆ ಮೂರು ಗಂಟೆಯಲ್ಲಿ ಅವುಗಳ ರುಚಿ ತಿರುಗುತ್ತದೆ. ಮೊದಲೆರಡು ಪಂಕ್ತಿಗೊಂದು ಸಲ, ಉಳಿದೆರಡಕ್ಕೊಂದು ಸಲ ಅರೆಸಿ. ಕೋಸಂಬರಿಗೆ ಉಪ್ಪು ಬೀಳುವುದು ಬಡಿಸಲು ಹೊರಡುವಾಗ, ಮೊದಲೇ ಹಾಕಿದರೆ ನೀರು ಬಿಟ್ಟುಕೊಳ್ಳುತ್ತದೆ.

ದೊಡ್ಡ ಒಲೆಗೆ ಒಂದೇ ಸಿಲಿಂಡರ್ ಜೋಡಿಸಿ ಜೋರಾಗಿ ಉರಿಸಿದರೆ ಸಿಲಿಂಡರಿನ ಮೈಮೇಲೆ ಹಿಮ ಕಟ್ಟಿ, ಒಳಗೆ ಗ್ಯಾಸ್ ಇದ್ದೂ ಉರಿ ಸಣ್ಣಗಾಗುತ್ತದೆ. ಗ್ಯಾಸ್ ಮುಗಿಯಿತೆಂದು ಬದಲಿಸಲು ಓಡುವವರೇ ಹೆಚ್ಚು. 19 ಕಿಲೋದ ಸಿಲಿಂಡರುಗಳನ್ನು ಎರಡೆರಡು ಜೋಡಿಸಿ ಉರಿಸಿ.

ನೀರು ತಲೆಗೆ 15 ಲೀಟರ್. ಕುಡಿಯಲು, ಅಡುಗೆಗೆ, ಕೈ ತೊಳೆಯಲು, ಪಾತ್ರೆಗೆ, ಶೌಚಕ್ಕೆ ಎಲ್ಲ ಸೇರಿ 400 ಜನಕ್ಕೆ 6000 ಲೀಟರ್ ಆಯಿತು. ಕರೆಂಟು ಹೋಗಿ ಪಂಪು ನಿಂತರೂ ಸಿಗುವಂತೆ ಹಿಂದಿನ ರಾತ್ರಿಯೇ ತೊಟ್ಟಿಗಳನ್ನು ತುಂಬಿಸಿಟ್ಟಿರಿ. ಒಂದು ಪಂಕ್ತಿ ಏಳುವಾಗ 120 ಜನ ಒಟ್ಟಿಗೇ ಕೈ ತೊಳೆಯಲು ಬರುತ್ತಾರೆ, ಆರು ನಲ್ಲಿಯಾದರೂ ಬೇಕು. ನಲ್ಲಿಯ ಕೆಳಗೆ ಜಲ್ಲಿ ಸುರಿಯಿರಿ, ಇಲ್ಲದಿದ್ದರೆ ಎರಡನೇ ಪಂಕ್ತಿಯ ಹೊತ್ತಿಗೇ ಅಲ್ಲಿ ಕೆಸರು ಗದ್ದೆ.

ಮನೆಯ ಕರೆಂಟಿಗೆ ಎಲ್ಲವನ್ನೂ ನೇತುಹಾಕಬೇಡಿ. ಎರಡು ಎಚ್‌ಪಿ ರುಬ್ಬುವ ಯಂತ್ರವೊಂದೇ ಒಂದೂವರೆ ಕಿಲೋವ್ಯಾಟ್ ಎಳೆಯುತ್ತದೆ, ಶುರುವಾಗುವ ಕ್ಷಣಕ್ಕೆ ಅದರ ಹಲವು ಪಟ್ಟು. ರುಬ್ಬುವುದು, ಮೈಕು, ದೀಪ ಮೂರಕ್ಕೂ ಬೇರೆ ಬೇರೆ ಲೈನ್ ಎಳೆಸಿ. ಕರೆಂಟು ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್ ಇಲ್ಲದೆ ಒದ್ದೆ ನೆಲದ ಮೇಲೆ ಒಂದು ವಯರೂ ಹೋಗಬಾರದು. ಈ ಒಂದು ಮಾತಿನಲ್ಲಿ ರಾಜಿ ಇಲ್ಲ. ಮೈಕಿಗೆ ಪೊಲೀಸ್ ಠಾಣೆಯ ಅನುಮತಿ ಬೇಕು, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಲ್ಲಿ ಹಾಕುವಂತಿಲ್ಲ. ಹಿಂದಿನ ರಾತ್ರಿಯ ಊಟಕ್ಕೆ ದೀಪ ಕಟ್ಟುವಾಗ ಒಂದು ಉಪಾಯ ನೆನಪಿಡಿ. ಮೊದಲ ಮಳೆ ಬಿದ್ದ ಸಂಜೆ ರೆಕ್ಕೆ ಬಂದ ಗೆದ್ದಲು ಸಾವಿರಗಟ್ಟಲೆ ಎದ್ದು ಬೆಳಕಿಗೆ ಮುಗಿಬೀಳುತ್ತವೆ. ಎಲ್ಲಕ್ಕಿಂತ ಪ್ರಖರವಾದ ಬಿಳಿ ದೀಪವನ್ನು ಊಟದ ಜಾಗದಿಂದ 50 ಅಡಿ ಆಚೆ ಕಟ್ಟಿ, ಎಲೆಯ ಮೇಲೆ ಮಂದ ಹಳದಿ ಬೆಳಕಿರಲಿ.

ಕಾರುಗಳಿಗೆ ಕೊಯ್ಲಾದ ಗದ್ದೆ ಚೆನ್ನಾಗಿ ಒದಗುತ್ತದೆ, ಮಳೆ ಬೀಳುವವರೆಗೆ ಮಾತ್ರ. ಒಂದು ಹದ ಮಳೆಗೇ ಚಕ್ರ ಹೂಳುತ್ತದೆ. ಇಳಿಯುವ ಜಾಗಕ್ಕೆ ಜಲ್ಲಿ ಹಾಕಿಸಿ, ಒಂದು ಟ್ರ್ಯಾಕ್ಟರು, ಒಂದು ದಪ್ಪ ಹಗ್ಗ ಹತ್ತಿರದಲ್ಲೇ ಇಟ್ಟಿರಿ.

ಮಳೆ ಬಂದರೆ ಎಲ್ಲಿಗೆ ಎಂಬುದು ಮೊದಲೇ ತೀರ್ಮಾನವಾಗಿರಬೇಕು. ಜಗಲಿಯಲ್ಲಿ ಹತ್ತಡಿ ಚೌಕದ ಜಾಗವನ್ನು ಖಾಲಿ ಇಟ್ಟು, ಅಲ್ಲಿಗೂ ಒಂದು ಮಣೆ, ರಂಗೋಲಿ ಸಿದ್ಧ ಮಾಡಿ ಪುರೋಹಿತರಿಗೆ ತೋರಿಸಿಡಿ. ಅಗ್ನಿ ಯಾರು ಎತ್ತುತ್ತಾರೆ, ಮಂಗಳದ್ರವ್ಯ ಯಾರು, ಹಿರಿಯರ ಕೈ ಹಿಡಿಯುವವರು ಯಾರು ಎಂದು ಮೂವರ ಹೆಸರು ಹೇಳಿಬಿಡಿ. ಸಿಡಿಲಿನ ಮುನ್ಸೂಚನೆಗೆ ದಾಮಿನಿ ಆ್ಯಪ್ ಒಬ್ಬರ ಮೊಬೈಲಿನಲ್ಲಿರಲಿ. ಗುಡುಗು ಕೇಳಿದರೆ ಚಪ್ಪರದ ಕೆಳಗೆ, ಮರದ ಬುಡದಲ್ಲಿ ಯಾರೂ ನಿಲ್ಲಬಾರದು, ಎಲ್ಲರೂ ಮನೆಯೊಳಗೆ.

ಉಂಡೆಲೆಗೆ ಆರಡಿ ಉದ್ದ, ನಾಲ್ಕಡಿ ಅಗಲ, ನಾಲ್ಕಡಿ ಆಳದ ಗುಂಡಿಯನ್ನು ಬಾವಿಯಿಂದ ದೂರ, ಗಾಳಿ ಹೋಗುವ ದಿಕ್ಕಿನಲ್ಲಿ ತೆಗೆಸಿ. ಪ್ರತಿ ಪಂಕ್ತಿಯ ಮೇಲೂ ಮಣ್ಣೋ ದರಗೋ (ಒಣಗಿದ ಎಲೆ) ಮುಚ್ಚಿದರೆ ನೊಣ ಹತ್ತುವುದಿಲ್ಲ. ಇಳಿಸಿದ ಸೋಗೆ ಕೊಟ್ಟಿಗೆಗಾಯಿತು, ಕಂಬ ದಬ್ಬೆ ಮುಂದಿನ ಕೊಯ್ಲಿನ ಅಡಿಕೆ ಚಪ್ಪರಕ್ಕಾಯಿತು. ಕಂಬ ಕಿತ್ತ ಗುಂಡಿಗಳನ್ನು ಮಾತ್ರ ಮಾರನೆಯ ದಿನಕ್ಕೆ ಉಳಿಸದೆ, ಅದೇ ಹೊತ್ತಿಗೆ ಮಣ್ಣು ತುಂಬಿ ಗುದ್ದಿಬಿಡಿ. ಕತ್ತಲಲ್ಲಿ ಆ ಎರಡಡಿ ಗುಂಡಿಗೆ ದನದ ಕಾಲು, ಮಗುವಿನ ಕಾಲು ಎರಡೂ ಹೋಗುತ್ತವೆ.