ಅಪ್ಪನ ಬೆರಳಿಗೆ ಬೀಗ

ಅಪ್ಪನ ಖಾತೆಯಿಂದ 10,000 ರೂಪಾಯಿ ಹೋದದ್ದು ಒಂದು ಮಂಗಳವಾರ. ಓಟಿಪಿ ಬಂದಿರಲಿಲ್ಲ, ಯಾರೂ ಫೋನ್ ಮಾಡಿರಲಿಲ್ಲ. ಎಟಿಎಂ ಕಾರ್ಡನ್ನಂತೂ ಅವರು ಮಾಡಿಸಿಯೇ ಇಲ್ಲ. ದುಡ್ಡು ಕಟ್ಟಾದ ಮೆಸೇಜ್ ಮಾತ್ರ ಬಂತು. ಅದರಲ್ಲಿ ‘ಎಇಪಿಎಸ್’ ಅಂತ ಇತ್ತು. ಅಂದರೆ ಆಧಾರ್ ನಂಬರು, ಬ್ಯಾಂಕಿನ ಹೆಸರು, ಬೆರಳಚ್ಚು ಇಷ್ಟಿದ್ದರೆ ದುಡ್ಡು ತೆಗೆಯಬಹುದು. ಊರಲ್ಲಿ ಬ್ಯಾಂಕ್ ಇಲ್ಲದವರಿಗೆ ಒಳ್ಳೆ ಅನುಕೂಲ, ಕಳ್ಳರಿಗೂ ಅಷ್ಟೇ.

ಅವತ್ತೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟೆ, ಬ್ಯಾಂಕಿಗೂ ಬರೆದುಕೊಟ್ಟೆ. ಇಂಥದ್ದನ್ನು ಮೂರು ಕೆಲಸದ ದಿನದೊಳಗೆ ತಿಳಿಸಿಬಿಡಬೇಕು. ತಡವಾದಷ್ಟೂ ನಷ್ಟ ನಮ್ಮ ತಲೆಗೇ ಬರುತ್ತದೆ.

ರಾತ್ರಿ ಮೈಆಧಾರ್ ವೆಬ್‌ಸೈಟಿನಲ್ಲಿ ‘ಅಥೆಂಟಿಕೇಶನ್ ಹಿಸ್ಟರಿ’ ತೆಗೆದೆ. ಹಿಂದಿನ ಆರು ತಿಂಗಳಲ್ಲಿ ನಮ್ಮ ಆಧಾರ್ ಯಾವಾಗೆಲ್ಲ ಬಳಕೆಯಾಗಿದೆ ಅಂತ ಅಲ್ಲಿ ಸಿಗುತ್ತದೆ. ಮಂಗಳವಾರ ಬೆಳಿಗ್ಗೆ 11:42ಕ್ಕೆ ಅಪ್ಪ ಎಲ್ಲೋ ಬೆರಳೊತ್ತಿದ್ದಾರೆ ಅಂತಿತ್ತು. ಆ ಹೊತ್ತಿಗೆ ಅವರು ತೋಟದಲ್ಲಿ ಕೊನೆ ಕೊಯ್ಯುವವರ ಜೊತೆ ನಿಂತಿದ್ದರು!

ಬೆರಳಚ್ಚು ಎಲ್ಲಿಂದ ಹೋಯಿತೋ ಗೊತ್ತಾಗಲಿಲ್ಲ. ನನ್ನ ಅನುಮಾನ ಸೈಟು ರಿಜಿಸ್ಟ್ರೇಷನ್ನಿನ ಕಾಗದದ ಮೇಲೆ. 2023ರಲ್ಲಿ ಬೆಂಗಳೂರು, ಮಂಗಳೂರು ಕಡೆ ಆಸ್ತಿ ನೋಂದಣಿ ಮಾಡಿಸಿದ ಎಷ್ಟೋ ಜನ ಹೀಗೇ ದುಡ್ಡು ಕಳಕೊಂಡಿದ್ದರು. ಆಗ ಕ್ರಯಪತ್ರದಲ್ಲಿ ಆಧಾರ್ ನಂಬರೂ ಇರುತ್ತಿತ್ತು, ಹೆಬ್ಬೆಟ್ಟೂ ಇರುತ್ತಿತ್ತು.

ಅದೇ ವೆಬ್‌ಸೈಟಿನಲ್ಲಿ ಬಯೋಮೆಟ್ರಿಕ್ ಲಾಕ್ ಹಾಕಿದೆ. ಎರಡು ನಿಮಿಷದ ಕೆಲಸ. ಬೆರಳು, ಕಣ್ಣು, ಮುಖ ಮೂರಕ್ಕೂ ಬೀಗ ಬೀಳುತ್ತದೆ. ಓಟಿಪಿಯಿಂದ ಆಗುವ ಕೆಲಸಕ್ಕೆ ಏನೂ ತೊಂದರೆಯಿಲ್ಲ. ಜೆರಾಕ್ಸ್ ಕೇಳುವವರಿಗೆ ಈಗ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡುತ್ತೇವೆ. ಕೆಲವರು ಮೂತಿ ತಿರುಗಿಸುತ್ತಾರೆ, ತಿರುಗಿಸಲಿ.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿತು. ಆ ಕೇಸು ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತೀರ್ಪು ಬರುವಾಗ ಅವರಿಗೆ ತೊಂಬತ್ತು ದಾಟಿತ್ತು. ನನಗೆ ಮಾತ್ರ ಇದೆಲ್ಲ ಅರ್ಥವಾಗೋಕೆ ಹತ್ತು ಸಾವಿರ ಹೋಗಬೇಕಾಯಿತು.

ಮುಂದಿನ ತಿಂಗಳು ನ್ಯಾಯಬೆಲೆ ಅಂಗಡಿಯಲ್ಲಿ ಅಪ್ಪ ಬೆರಳಿಟ್ಟರೆ ಮಿಷನ್ನಿನಲ್ಲಿ ಎರರ್ 330. ಬೀಗ ಹಾಕಿದ್ದು ನನಗೇ ಮರೆತುಹೋಗಿತ್ತು. ಬೆಂಗಳೂರಿನಿಂದಲೇ ತಾತ್ಕಾಲಿಕವಾಗಿ ತೆಗೆಯಲು ಹೊರಟೆ. ಹತ್ತು ನಿಮಿಷವಾದರೆ ಅದು ತಾನೇ ಮತ್ತೆ ಬೀಳುತ್ತದೆ. ಆದರೆ ಓಟಿಪಿ ಹೋಗೋದು ಅಪ್ಪನ ಫೋನಿಗೆ.

“ಅಪ್ಪಾ, ಈಗ ಒಂದು ನಂಬರ್ ಬಂತಲ್ವಾ, ಹೇಳಿ” ಅಂದೆ.

“ಯಾರಿಗೂ ಹೇಳ್ಬೇಡಿ ಅಂದೋನು ನೀನೇ ಅಲ್ವೇನೋ?” ಅಂದು ಫೋನ್ ಇಟ್ಟುಬಿಟ್ಟರು.