ಒಂಟಿ ಕೈ ಬ್ಯಾಕ್‌ಹ್ಯಾಂಡ್ ಮಂಡ್ಯದಲ್ಲೂ ಕೈಗೂಡಿತು

ಹೆಣ್ಣುಮಗು, ಅದೂ ಕುಳ್ಳಿ. ಟೆನಿಸ್‌ನ ಬ್ಯಾಕ್‌ಹ್ಯಾಂಡನ್ನು, ಅಂದರೆ ರಾಕೆಟ್ ಹಿಡಿದ ಕೈಯ ಎದುರು ಬದಿಗೆ ಬಂದ ಚೆಂಡಿನ ಹೊಡೆತವನ್ನು, ಒಂದೇ ಕೈಯಲ್ಲಿ ಕಲಿಸಿದರೆ ಮೊಣಕೈ ಕಳೆದುಕೊಳ್ಳುತ್ತಾಳೆ ಎಂದು ಮೈಸೂರಿನ ಕೋಚ್‌ಗಳು ನನಗೆ ಬುದ್ಧಿ ಹೇಳಿದ್ದರು. ಈಗ ಅವರಲ್ಲೇ ಕೆಲವರು ತಮ್ಮ ಶಿಷ್ಯೆಯರನ್ನು ಮಂಡ್ಯದ ನನ್ನ ಟೆನಿಸ್ ಅಂಕಣಕ್ಕೆ ಕರೆತಂದು ಈ ಹುಡುಗಿಯ ಆಟ ತೋರಿಸುತ್ತಿದ್ದಾರೆ. ಅದಕ್ಕೇ ಬರೆಯಲು ಕುಳಿತೆ.

ನನಗೆ ಧೈರ್ಯ ಕೊಟ್ಟಿದ್ದು ಜಸ್ಟಿನ್ ಹೆನಿನ್. ಒಂಟಿ ಕೈ ಬ್ಯಾಕ್‌ಹ್ಯಾಂಡ್‌ಗೆ ಹೆಸರಾದ ಬೆಲ್ಜಿಯಂನ ಈ ಆಟಗಾರ್ತಿಯ ಎತ್ತರ 1.67 ಮೀಟರ್ ಅಷ್ಟೇ. ಗೆದ್ದ ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್ ಪ್ರಶಸ್ತಿ ಏಳು. ಅದರಲ್ಲಿ ನಾಲ್ಕು (2003, 2005, 2006, 2007) ಪ್ಯಾರಿಸ್‌ನ ಫ್ರೆಂಚ್ ಓಪನ್‌ನಲ್ಲಿ, ಆವೆಮಣ್ಣಿನ ಮೇಲೆ. 2007ರ ಅಮೆರಿಕ ಓಪನ್‌ನಲ್ಲಿ ಕ್ವಾರ್ಟರ್‌ಫೈನಲ್‌ನಲ್ಲಿ ಸೆರೆನಾ, ಸೆಮಿಫೈನಲ್‌ನಲ್ಲಿ ವೀನಸ್ ಇಬ್ಬರನ್ನೂ ಮಣಿಸಿದರು. ‘ಕೊನೆಗೆ ಅವರ ಮೊಣಕೈಯೂ ಹೋಯಿತಲ್ಲ’ ಎನ್ನುವವರಿಗೆ ನನ್ನ ಉತ್ತರ ಒಂದೇ: 2010ರ ವಿಂಬಲ್ಡನ್‌ನಲ್ಲಿ ತಮ್ಮದೇ ದೇಶದ ಕಿಮ್ ಕ್ಲೈಸ್ಟರ್ಸ್ ವಿರುದ್ಧ ಆಡುವಾಗ ಹುಲ್ಲಿನ ಮೇಲೆ ಬಿದ್ದು ಆದ ಪೆಟ್ಟು ಅದು. ಬ್ಯಾಕ್‌ಹ್ಯಾಂಡ್‌ನ ತಲೆಗೆ ಅದನ್ನು ಕಟ್ಟಬೇಡಿ.

ಹೆಚ್ಚು ಹಣ ನುಂಗಿದ್ದು ಅಂಕಣ. ಸಿಮೆಂಟಿನ ಮೇಲೆ ಚೆಂಡು ಸರ್ರನೆ ಬರುತ್ತದೆ, ಮಗುವಿಗೆ ಭುಜ ತಿರುಗಿಸಲು ಪುರುಸೊತ್ತೇ ಸಿಗುವುದಿಲ್ಲ. ನಮ್ಮ ಕೆಂಪು ಮಣ್ಣಿಗೆ ಸಗಣಿ ಸಾರಿಸಿ ನೋಡಿದೆ. ಬೇಸಿಗೆಯಲ್ಲಿ ಬಿರುಕು, ಮಳೆಯಲ್ಲಿ ಕೆಸರು. ಫ್ರೆಂಚ್ ಓಪನ್ ನಡೆಯುವ ರೋಲಾಂ ಗ್ಯಾರೋಸ್‌ನಲ್ಲಿ ಮೇಲೆ ಕಾಣುವ ಕೆಂಪು ಬರೀ ಒಂದೆರಡು ಮಿಲಿಮೀಟರ್ ಇಟ್ಟಿಗೆ ಪುಡಿ, ಅದರಡಿ ಇರುವುದು ಸುಣ್ಣಕಲ್ಲು. ಸುಣ್ಣಕಲ್ಲು ನನ್ನ ಜೇಬಿಗೆ ಎಟುಕಲಿಲ್ಲ. ಕ್ರಷರ್ ಪುಡಿ ಹಾಸಿ, ರೋಲರ್ ಎಳೆದು, ಇಟ್ಟಿಗೆ ಗೂಡಿನ ಒಡಕು ಇಟ್ಟಿಗೆಯನ್ನು ಪುಡಿ ಮಾಡಿಸಿ ಜರಡಿ ಹಿಡಿದು ಉದುರಿಸಿದೆ. ಮೊದಲ ಮುಂಗಾರಿನಲ್ಲೇ ಅಷ್ಟೂ ಚರಂಡಿ ಸೇರಿತು. ಇಳಿಜಾರು ತಿದ್ದಿಸಿ ಮತ್ತೆ ಹಾಕಿಸಿದೆ. ನೆಟ್‌ನ ಒಂದು ಬದಿಗೆ ಮಾತ್ರ ಹಾಕಿಸಿದ್ದಕ್ಕೇ ಒಂದೂಕಾಲು ಲಕ್ಷದ ಹತ್ತಿರ ಖರ್ಚಾಗಿರಬೇಕು. ಹುಡುಗಿ ಸದಾ ಆ ಬದಿಗೇ ನಿಲ್ಲುತ್ತಿದ್ದಳು.

ಚೆಂಡು ಹಸಿರು ಚುಕ್ಕೆಯದು, ಕಲಿಯುವ ಮಕ್ಕಳಿಗೆಂದೇ ಮಾಡಿದ್ದು, ಮಾಮೂಲಿಗಿಂತ ಕಾಲುಭಾಗ ನಿಧಾನ. ವಯಸ್ಸು ಮೀರಿದರೂ ಅದನ್ನೇ ಆಡಿಸಿದೆ.

ಇನ್ನು ಹೊಡೆತ. ಎಡಗೈಯ ಹೆಬ್ಬೆರಳು ಮತ್ತು ಎರಡು ಬೆರಳು ರಾಕೆಟ್‌ನ ಕುತ್ತಿಗೆ ಹಿಡಿದಿರಬೇಕು. ಬಲಭುಜ ನೆಟ್‌ಗೆ ಎದುರಾಗುವವರೆಗೆ ಬಿಡಕೂಡದು. ಚೆಂಡು ತಾಗಬೇಕಾದ್ದು ಬಲಗಾಲಿನಿಂದ ಒಂದು ಗೇಣು ಮುಂದೆ. ಆ ಕ್ಷಣ ಎಡಗೈ ಹಿಂದಕ್ಕೇ ಹೋಗಬೇಕು. ಬಲಗೈ ಜೊತೆ ಅದೂ ಮುಂದೆ ಬಂದರೆ ಎದೆ ತೆರೆದುಕೊಂಡು ಚೆಂಡು ಬೇಲಿ ದಾಟುತ್ತದೆ. ಎಡಗೈಯನ್ನು ಹಿಂದೆ ನಿಲ್ಲಿಸಲು ನಾನು ಒಂದು ಗೋಣಿದಾರದ ಉಪಾಯ ಕಂಡುಕೊಂಡಿದ್ದೇನೆ. ಅದನ್ನು ಇಲ್ಲಿ ಬಿಚ್ಚಿಡುವುದಿಲ್ಲ, ಬಂದು ನೋಡಿದವರಿಗೂ ತೋರಿಸಿಲ್ಲ.

ಮೊದಲ ವರ್ಷ ಅವಳು ಸೋತಿದ್ದೇ ಸೋತಿದ್ದು. ಎದುರಾಳಿಗಳು ಎತ್ತಿ ಎತ್ತಿ ಅವಳ ಭುಜದ ಮೇಲಕ್ಕೆ ಚೆಂಡು ಹಾಕಿದರು, ಒಂಟಿ ಕೈಗೆ ಅದೇ ಕಷ್ಟ. ನನ್ನ ಬಳಿ ಕಲಿಯುತ್ತಿದ್ದ ಬೇರೆ ಮಕ್ಕಳ ಪೋಷಕರು ಇದನ್ನು ನೋಡಿ ಮಕ್ಕಳನ್ನು ಬಿಡಿಸಿಕೊಂಡು ಹೋದರು. ತಿಂಗಳಿಗೆ ಆರೇಳು ಸಾವಿರ ಶುಲ್ಕ ಕೈತಪ್ಪಿತು. ಮೊಣಕೈಗೆ ಭಾರ ಕಡಿಮೆಯಾಗಲೆಂದು ರಾಕೆಟ್ ತಂತಿಯ ಬಿಗಿ 24 ಕಿಲೋದಿಂದ 21ಕ್ಕೆ ಇಳಿಸಿದೆ. ರಾಕೆಟ್ ತುದಿಗೆ ಸೀಸದ ಪಟ್ಟಿ ಅಂಟಿಸಿಯೂ ನೋಡಿದೆ, ಪ್ರಯೋಜನವಾಗಲಿಲ್ಲ. ಎತ್ತರದ ಚೆಂಡಿಗೆ ಮದ್ದು ಸಿಕ್ಕಿದ್ದು ಹೆನಿನ್ ಆಟದಲ್ಲೇ: ಹಿಂದೆ ಸರಿಯದೆ ಒಂದು ಹೆಜ್ಜೆ ಒಳಗೆ ನುಗ್ಗಿ, ಪುಟಿದು ಏರುತ್ತಿರುವಾಗಲೇ ಹೊಡೆಯುವುದು. ಇದಕ್ಕೆ ತೋಳಿಗಿಂತ ಕಾಲು ಬೇಕು. ಬೆಳಗಿನ ಅರ್ಧ ಅಭ್ಯಾಸ ರಾಕೆಟ್ ಇಲ್ಲದೆ ಬರೀ ಕಾಲಿನದಾಯಿತು.

ಈಚೆಗೆ ಮೈಸೂರಿನ ಪಂದ್ಯವೊಂದರಲ್ಲಿ ತನಗಿಂತ ಒಂದು ತಲೆ ಎತ್ತರದ ಹುಡುಗಿಯನ್ನು ಅವಳು ನೇರ ಸೆಟ್‌ಗಳಲ್ಲಿ ಸೋಲಿಸಿದಳು. ಮ್ಯಾಚ್ ಪಾಯಿಂಟ್ ಬಂದಿದ್ದು ಬ್ಯಾಕ್‌ಹ್ಯಾಂಡ್‌ನಲ್ಲಿ, ಗೆರೆಗುಂಟ ನೇರವಾಗಿ. ಮೊಣಕೈಗೆ ಇವತ್ತಿನವರೆಗೂ ನೋವಿಲ್ಲ. ಬಿಟ್ಟುಹೋದವರಲ್ಲಿ ಇಬ್ಬರು ಮರಳಿ ಬಂದಿದ್ದಾರೆ. ಅವರಿಗೆ ಎರಡು ವರ್ಷ ಫಲಿತಾಂಶ ಕೇಳಬೇಡಿ ಎಂದು ಮೊದಲೇ ಹೇಳಿದ್ದೇನೆ. ನೆಟ್‌ನ ಆಚೆ ಬದಿಗೂ ಇಟ್ಟಿಗೆ ಪುಡಿ ಹಾಸಲು ಹಣ ಹೊಂದಿಸುತ್ತಿದ್ದೇನೆ.