ಗಿಡಕ್ಕೂ ಸ್ಟೆರಾಯ್ಡ್ ಬೇಕು: ಅದರ ಕೆಲಸವನ್ನು ಸಾಸಿವೆ ಮೊಳಕೆಯಲ್ಲಿ ನೋಡುವುದು ಹೇಗೆ?

ಸ್ಟೆರಾಯ್ಡ್ ಅಂದ ಕೂಡಲೇ ಜಿಮ್‌ನಲ್ಲಿ ಮೈ ಬೆಳೆಸುವವರು, ಒಲಿಂಪಿಕ್ಸ್‌ನಲ್ಲಿ ಸಿಕ್ಕಿಬಿದ್ದ ಓಟಗಾರರು ನೆನಪಾಗುತ್ತಾರೆ, ಅಲ್ವಾ? ಆದರೆ ನಿಮ್ಮ ಹಿತ್ತಲಿನ ಟೊಮೆಟೊ ಗಿಡವೂ ತನ್ನ ಪಾಡಿಗೆ ತಾನು ಸ್ಟೆರಾಯ್ಡ್ ತಯಾರಿಸುತ್ತಿರುತ್ತದೆ. ಅದು ಸಿಗದಿದ್ದರೆ ಕಾಂಡ ಉದ್ದವಾಗುವುದಿಲ್ಲ, ಎಲೆ ಸರಿಯಾಗಿ ಹರಡುವುದಿಲ್ಲ, ಹೂವಿನ ಪರಾಗವೂ ಕೈಕೊಡುತ್ತದೆ. ಈ ಹಾರ್ಮೋನುಗಳ ಗುಂಪಿಗೆ ಬ್ರಾಸಿನೋಸ್ಟೆರಾಯ್ಡ್ ಎಂದು ಹೆಸರು. ಅವು ಹೇಗೆ ಕೆಲಸ ಮಾಡುತ್ತವೆ ಎಂದು ತಿಳಿಯಲು ಅಡುಗೆಮನೆಯ ಸಾಸಿವೆಯಿಂದಲೇ ಶುರು ಮಾಡೋಣ.

ಮೊದಲ ಹಂತ: ಎರಡು ಲೋಟದಲ್ಲಿ ಮೊಳಕೆ

ಎರಡು ಲೋಟಗಳ ತಳಕ್ಕೆ ಒದ್ದೆ ಹತ್ತಿ ಹಾಕಿ. ಎರಡರಲ್ಲೂ ಹತ್ತಿಪ್ಪತ್ತು ಸಾಸಿವೆ ಕಾಳು ಉದುರಿಸಿ. ಒಂದನ್ನು ಕಿಟಕಿ ಬಳಿ ಇಡಿ. ಇನ್ನೊಂದನ್ನು ಬೆಳಕು ನುಸುಳದ ಬೀರುವಿನೊಳಗೆ ಇಟ್ಟು ಬಾಗಿಲು ಹಾಕಿ. ಹತ್ತಿ ಒಣಗದಂತೆ ನೋಡಿಕೊಳ್ಳಿ. ಕತ್ತಲೆಯ ಲೋಟಕ್ಕೆ ನೀರು ಹಾಕುವುದಿದ್ದರೆ ರಾತ್ರಿ ದೀಪ ಆರಿಸಿ ಹಾಕಿ. ಹಗಲಲ್ಲಿ ಸುಮ್ನೆ ಇಣುಕಿ ನೋಡಬೇಡಿ.

ಐದಾರು ದಿನ ಕಳೆದ ಮೇಲೆ ಎರಡನ್ನೂ ಪಕ್ಕಪಕ್ಕ ಇಡಿ. ಬೆಳಕಿನ ಮೊಳಕೆ ಗಿಡ್ಡ, ಹಸಿರು, ಎರಡೂ ಎಲೆ ಬಿಚ್ಚಿಕೊಂಡಿರುತ್ತವೆ. ಕತ್ತಲೆಯದು ತೆಳ್ಳಗೆ, ಉದ್ದಕ್ಕೆ, ಬಿಳಿಚಿಕೊಂಡಿರುತ್ತದೆ. ಎಲೆಗಳು ಹಳದಿ, ಮುಚ್ಚಿಕೊಂಡಿರುತ್ತವೆ. ತುದಿ ಕೊಕ್ಕೆಯಂತೆ ಬಾಗಿರುತ್ತದೆ. ಮಣ್ಣಿನಡಿ ಸಿಕ್ಕಿಕೊಂಡಿದ್ದೇನೆ, ಬೇಗ ಮೇಲೆ ಹೋಗಬೇಕು ಎಂಬ ಹಾಗೆ ಬೆಳೆದಿದೆ ಅದು. ಹೀಗೆ ಉದ್ದವಾಗುವುದಕ್ಕೆ ಜಿಬ್ಬರೆಲಿನ್, ಆಕ್ಸಿನ್ ಎಂಬ ಬೇರೆ ಹಾರ್ಮೋನುಗಳೂ ಕೈಜೋಡಿಸುತ್ತವೆ. ಆದರೆ ಸ್ಟೆರಾಯ್ಡ್ ಇಲ್ಲದಿದ್ದರೆ ಈ ಆಟ ನಡೆಯುವುದಿಲ್ಲ.

ಎರಡನೇ ಹಂತ: ಹಾರ್ಮೋನ್ ತೆಗೆದರೆ ಏನಾಗುತ್ತದೆ?

ಇದನ್ನು ಮನೆಯಲ್ಲಿ ಮಾಡಲಾಗದು. ಅಮೆರಿಕದ ಸಾಲ್ಕ್ ಸಂಸ್ಥೆಯಲ್ಲಿ ಜೋನ್ ಕೋರಿ ಅವರ ತಂಡ ಮಾಡಿತು. ಅವರು ಹುಡುಕುತ್ತಿದ್ದದ್ದು ಹಾರ್ಮೋನನ್ನಲ್ಲ. ಗಿಡಕ್ಕೆ ಬೆಳಕು ಹೇಗೆ ಗೊತ್ತಾಗುತ್ತದೆ ಎಂಬುದನ್ನು. ಅದಕ್ಕಾಗಿ ಅರಬಿಡಾಪ್ಸಿಸ್ ಎಂಬ, ಸಾಸಿವೆ ಕುಟುಂಬದ್ದೇ ಆದ ಪುಟ್ಟ ಗಿಡದಲ್ಲಿ ದಾರಿ ತಪ್ಪಿದ ಸಸಿಗಳನ್ನು ಆರಿಸುತ್ತಿದ್ದರು. ಒಂದು ಸಸಿ ಗಾಢ ಕತ್ತಲಲ್ಲೂ ಬೆಳಕಿನಲ್ಲಿದ್ದಂತೆ ಗಿಡ್ಡಗೆ, ಎಲೆ ಬಿಚ್ಚಿಕೊಂಡು ಬೆಳೆಯಿತು.

ಅದರಲ್ಲಿ ಕೆಟ್ಟಿದ್ದ ಜೀನ್ ಯಾವುದು ಎಂದು 1996ರಲ್ಲಿ ಗೊತ್ತಾಯಿತು. ನಮ್ಮ ದೇಹದಲ್ಲಿ ಟೆಸ್ಟೋಸ್ಟೆರಾನ್ ಅನ್ನು ಇನ್ನಷ್ಟು ಪ್ರಬಲ ರೂಪಕ್ಕೆ ಬದಲಿಸುವ ಕಿಣ್ವ ಒಂದಿದೆ. ಗಿಡದ ಈ ಜೀನ್ ಅದನ್ನೇ ಹೋಲುತ್ತಿತ್ತು. ಸಸಿಗೆ ಬ್ರಾಸಿನೋಸ್ಟೆರಾಯ್ಡ್ ಗುಂಪಿನ ಬ್ರಾಸಿನೋಲೈಡ್ ಕೊಟ್ಟರು, ಅದು ಸರಿಯಾಗಿ ಬೆಳೆಯಿತು. ಮರುವರ್ಷ ಮನುಷ್ಯರ ಕಿಣ್ವದ ಜೀನನ್ನೇ ಸಸಿಗೆ ಸೇರಿಸಿ ನೋಡಿದರು. ಆಗಲೂ ಬೆಳೆಯಿತು! ಸಸ್ಯವಿಜ್ಞಾನದಲ್ಲಿ ನನಗೆ ತುಂಬ ಇಷ್ಟವಾದ ಪ್ರಯೋಗಗಳಲ್ಲಿ ಇದೂ ಒಂದು.

ಅದಕ್ಕೂ ಮೊದಲು ಈ ಹಾರ್ಮೋನಿಗೆ ಅಷ್ಟು ಬೆಲೆ ಇರಲಿಲ್ಲ. 1970ರಲ್ಲಿ ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಸಾಸಿವೆಯ ಹತ್ತಿರದ ನೆಂಟನಾದ ರೇಪ್‌ಸೀಡ್ ಗಿಡದ ಪರಾಗದಲ್ಲಿ ಬೆಳವಣಿಗೆ ಹೆಚ್ಚಿಸುವ ವಸ್ತು ಇದೆ ಎಂದು ತೋರಿಸಿದ್ದರು. ಅದರ ರಚನೆ ತಿಳಿದದ್ದು 1979ರಲ್ಲಿ. ಜೇನುಹುಳುಗಳು ಕೂಡಿಟ್ಟ ಸುಮಾರು 230 ಕಿಲೋ ಪರಾಗ ಸೋಸಿದರೆ ಸಿಕ್ಕಿದ್ದು ಕೆಲವೇ ಮಿಲಿಗ್ರಾಂ ಅಷ್ಟೇ.

ಮೂರನೇ ಹಂತ: ಕೋಶದ ಒಳಗೆ ಹೋಗಿ ನೋಡೋಣ

ನಮ್ಮ ದೇಹ ಕೊಲೆಸ್ಟೆರಾಲ್‌ನಿಂದ ಸ್ಟೆರಾಯ್ಡ್ ಮಾಡುತ್ತದೆ. ಗಿಡ ಹೆಚ್ಚಾಗಿ ಅದರದೇ ನೆಂಟನಾದ ಕ್ಯಾಂಪೆಸ್ಟೆರಾಲ್‌ನಿಂದ ಮಾಡುತ್ತದೆ. ಮುಂದಿನ ವ್ಯತ್ಯಾಸ ಇನ್ನೂ ದೊಡ್ಡದು. ನಮ್ಮ ಸ್ಟೆರಾಯ್ಡ್‌ಗಳು ಸಾಮಾನ್ಯವಾಗಿ ಕೋಶದ ಒಳಗೇ ಹೋಗಿ ತಮ್ಮ ಗ್ರಾಹಕವನ್ನು, ಅಂದರೆ ಹಾರ್ಮೋನನ್ನು ಗುರುತಿಸಿ ಹಿಡಿಯುವ ಪ್ರೋಟೀನನ್ನು, ಸೇರುತ್ತವೆ. ಗಿಡದ ಸ್ಟೆರಾಯ್ಡ್ ಹೊರಗೇ ನಿಲ್ಲುತ್ತದೆ. ಕೋಶದ ಪೊರೆಯ ಮೇಲೆ ಬಿಆರ್‌ಐ1 ಎಂಬ ಗ್ರಾಹಕ ಪ್ರೋಟೀನ್ ಇದೆ. ಹಾರ್ಮೋನ್ ಅದಕ್ಕೆ ಅಂಟಿಕೊಳ್ಳುತ್ತದೆ. ಆಗ ಬ್ಯಾಕ್1 ಎಂಬ ಜೊತೆಗಾರ ಬಂದು ಸೇರುತ್ತದೆ, ಸುದ್ದಿ ಒಳಗೆ ಹೋಗುತ್ತದೆ.

ಒಳಗಿನ ಕಥೆ ಹ್ಯಾಂಡ್‌ಬ್ರೇಕ್ ಹಾಕಿ ನಿಲ್ಲಿಸಿದ ಗಾಡಿಯದು. ಬಿನ್2 ಎಂಬ ಕಿಣ್ವವೇ ಆ ಬ್ರೇಕ್. ಹಾರ್ಮೋನ್ ಇಲ್ಲದಾಗ ಅದು ಬಿಝಡ್‌ಆರ್1 ಎಂಬ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುತ್ತಲೇ ಇರುತ್ತದೆ. ಫಾಸ್ಫೇಟ್ ಅಂಟಿದ ಬಿಝಡ್‌ಆರ್1 ಕೋಶಕೇಂದ್ರದ ಹೊರಗೇ ಉಳಿದು ನಾಶವಾಗುತ್ತದೆ. ಹಾರ್ಮೋನ್ ಬಂದಾಗ ಬಿನ್2 ಸುಮ್ಮನಾಗುತ್ತದೆ. ಫಾಸ್ಫೇಟ್ ಕಳಚಿಕೊಂಡ ಬಿಝಡ್‌ಆರ್1 ಕೋಶಕೇಂದ್ರಕ್ಕೆ ಹೋಗಿ ನೂರಾರು ಜೀನ್‌ಗಳನ್ನು ಎಬ್ಬಿಸುತ್ತದೆ, ಕೆಲವನ್ನು ಮಲಗಿಸುತ್ತದೆ. ಹೀಗೆ ಮಲಗಿಸುವುದರಲ್ಲಿ ಹಾರ್ಮೋನ್ ತಯಾರಿಸುವ ಜೀನ್‌ಗಳೂ ಸೇರಿವೆ. ಅಂದರೆ ಜಾಸ್ತಿಯಾದರೆ ಗಿಡ ತಾನೇ ಉತ್ಪಾದನೆ ತಗ್ಗಿಸುತ್ತದೆ.

ಇದರ ಫಲವಾಗಿ ಕೋಶದ ಗೋಡೆ ಸಡಿಲವಾಗುತ್ತದೆ. ಒಳಗಿನ ನೀರಿನ ಒತ್ತಡಕ್ಕೆ ಕೋಶ ಉದ್ದಕ್ಕೆ ಹಿಗ್ಗುತ್ತದೆ. ನಿಮ್ಮ ಬೀರುವಿನ ಸಾಸಿವೆ ಉದ್ದವಾದದ್ದು ಮುಖ್ಯವಾಗಿ ಹೀಗೆ ಕೋಶಗಳು ಹಿಗ್ಗಿದ್ದರಿಂದ. ಕತ್ತಲೆಗೂ ಇದಕ್ಕೂ ಏನು ನಂಟು? ಬಿಝಡ್‌ಆರ್1 ಒಂಟಿಯಾಗಿ ದುಡಿಯುವುದಿಲ್ಲ. ಪಿಫ್ ಎಂಬ ಪ್ರೋಟೀನ್‌ಗಳ ಜೊತೆ ಸೇರಿ ಜೀನ್‌ಗಳನ್ನು ಎಬ್ಬಿಸುತ್ತದೆ. ಪಿಫ್‌ಗಳು ಕತ್ತಲಲ್ಲಿ ಕೂಡಿಕೊಳ್ಳುತ್ತವೆ, ಬೆಳಕು ಬಿದ್ದರೆ ಒಡೆದುಹೋಗುತ್ತವೆ. ಬೇಕಿದ್ದರೆ ಕತ್ತಲೆಯ ಲೋಟವನ್ನು ಈಗ ಕಿಟಕಿಗೆ ತನ್ನಿ. ಕೊಕ್ಕೆ ನೆಟ್ಟಗಾಗುತ್ತದೆ, ಎಲೆ ಬಿಚ್ಚಿ ಹಸಿರಾಗತೊಡಗುತ್ತದೆ.

ನಾಲ್ಕನೇ ಹಂತ: ಎಲ್ಲಿ, ಎಷ್ಟು?

ಈ ಹಾರ್ಮೋನ್ ಗಿಡದೊಳಗೆ ದೂರ ಪ್ರಯಾಣ ಮಾಡುವುದಿಲ್ಲ. ಹಾರ್ಮೋನ್ ಇಲ್ಲದ ಬಟಾಣಿ ಗಿಡವನ್ನು ಒಳ್ಳೆಯ ಗಿಡಕ್ಕೆ ಕಸಿ ಕಟ್ಟಿದರೂ ಅದು ಕುಳ್ಳಾಗಿಯೇ ಉಳಿಯುತ್ತದೆ. ಪ್ರತಿ ಭಾಗವೂ ತನಗೆ ಬೇಕಾದ್ದನ್ನು ಅಲ್ಲಲ್ಲೇ ಮಾಡಿಕೊಳ್ಳಬೇಕು. ಪ್ರಮಾಣವೂ ಅಷ್ಟೇ ಸೂಕ್ಷ್ಮ. ಬೇರಿಗೆ ತೀರ ಸ್ವಲ್ಪ ಸಿಕ್ಕಿದರೆ ಒಳ್ಳೆಯದು, ಜಾಸ್ತಿಯಾದರೆ ಬೇರು ಮೊಟಕಾಗುತ್ತದೆ.

ಕಡಿಮೆ ಸ್ಟೆರಾಯ್ಡ್ ಅಂದರೆ ಯಾವಾಗಲೂ ನಷ್ಟ ಎಂದೂ ಅಂದುಕೊಳ್ಳಬೇಡಿ. ಬಾಲ್ಕನಿ ಕುಂಡದಲ್ಲಿ ಬೆಳೆಯುವ ಮೈಕ್ರೋ-ಟಾಮ್ ಟೊಮೆಟೊ ಅಷ್ಟು ಪುಟ್ಟದಾಗಿರಲು ಒಂದು ಕಾರಣ, ಈ ಹಾರ್ಮೋನ್ ತಯಾರಿಸುವ ಜೀನ್‌ನಲ್ಲಿರುವ ದೋಷ. ಪೂರ್ವ ಏಷ್ಯಾದ ‘ಉಜು’ ಎಂಬ ಗಿಡ್ಡ ಬಾರ್ಲಿ ತಳಿಗಳಲ್ಲಿ ಗ್ರಾಹಕ ಪ್ರೋಟೀನೇ ತುಸು ಬದಲಾಗಿದೆ. ಗಿಡ್ಡ ಪೈರು ಗಾಳಿಗೆ ಅಷ್ಟು ಸುಲಭವಾಗಿ ಮಲಗುವುದಿಲ್ಲ ನೋಡಿ. ಜಪಾನಿನ ವಿಜ್ಞಾನಿಗಳು 2006ರಲ್ಲಿ ಭತ್ತದಲ್ಲೂ ಇಂಥದ್ದೇ ತೋರಿಸಿದರು. ಹಾರ್ಮೋನ್ ತುಸು ಕಡಿಮೆಯಾದ ಪೈರಿನ ಎಲೆ ನೆಟ್ಟಗೆ ನಿಲ್ಲುತ್ತದೆ. ಒತ್ತಾಗಿ ನಾಟಿ ಮಾಡಿದಾಗ ಕೆಳಗಿನ ಎಲೆಗೂ ಬಿಸಿಲು ಸಿಗುತ್ತದೆ, ಇಳುವರಿ ಹೆಚ್ಚುತ್ತದೆ.

ಕೊನೆಯ ಹಂತ: ‘ಟಾನಿಕ್’ ಕೊಳ್ಳುವ ಮೊದಲು

ವಿಜಯಪುರ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಜಿಬ್ಬರೆಲಿಕ್ ಆಮ್ಲ, ಅಂದರೆ ‘ಜಿ.ಎ.’, ಹಳೆಯ ಪರಿಚಯ. ಅದರ ಪಕ್ಕದಲ್ಲೇ ಗೊಬ್ಬರದಂಗಡಿಯಲ್ಲಿ ಸ್ಟೆರಾಯ್ಡ್ ಹಾರ್ಮೋನೂ ಸಿಗುತ್ತದೆ. ಲೇಬಲ್ ಮೇಲೆ ‘ಹೋಮೋಬ್ರಾಸಿನೋಲೈಡ್ 0.04%’ ಎಂದಿರುತ್ತದೆ, ಇದೂ ಬ್ರಾಸಿನೋಸ್ಟೆರಾಯ್ಡ್ ಗುಂಪಿನದೇ. 100 ಮಿ.ಲೀ. ಬಾಟಲಿಯಲ್ಲಿ ಇರುವ ಹಾರ್ಮೋನ್ ಸುಮಾರು 40 ಮಿಲಿಗ್ರಾಂ ಮಾತ್ರ. ಇಷ್ಟೇನಾ ಎಂದು ಇನ್ನೊಂದು ಮುಚ್ಚಳ ಸುರಿಯುವ ಆಸೆ ಬರುವುದು ಇಲ್ಲೇ. ಸುರಿಯಬೇಡಿ. ಇದು ಗೊಬ್ಬರವಲ್ಲ. ಸಾರಜನಕ ಕಡಿಮೆ ಇರುವ, ನೀರು ಕಾಣದ ಹೊಲಕ್ಕೆ ಇದನ್ನು ಹೊಡೆದರೆ ದುಡ್ಡು ಹೋಗುತ್ತದೆ ಅಷ್ಟೇ.

ಲೇಬಲ್‌ನಲ್ಲಿ ನಿಮ್ಮ ಬೆಳೆಯ ಹೆಸರು, ಪ್ರಮಾಣ, ಸಿಂಪಡಿಸುವ ಹಂತ ಇದೆಯೇ ನೋಡಿ. ಸುಮ್ನೆ ‘ಬೆಳವಣಿಗೆ ಟಾನಿಕ್’ ಎಂದಷ್ಟೇ ಬರೆದಿದ್ದರೆ ಬಿಟ್ಟುಬಿಡಿ. ಹೊಡೆಯುವುದೇ ಆದರೆ ಎರಡು ಸಾಲು ಹೊಡೆಯದೆ ಉಳಿಸಿ. ಕೊಯ್ಲಿನಲ್ಲಿ ಎರಡನ್ನೂ ಬೇರೆ ಬೇರೆ ತೂಗಿ. ಮುಂದಿನ ವರ್ಷ ಬಾಟಲಿ ಕೊಳ್ಳಬೇಕೋ ಬೇಡವೋ ಎಂದು ಅಂಗಡಿಯವರನ್ನು ಕೇಳುವ ಬದಲು ಆ ತಕ್ಕಡಿಯನ್ನೇ ನಂಬಿ.